ಇಗ್ವಾನಾಗೆ ಗಾಜಿನ ಪೆಟ್ಟಿಗೆ ಬೇಡ, ಬಿಸಿಲಿನಲ್ಲಿ ಗೂಡು ಕಟ್ಟಿ

ಇಗ್ವಾನಾ ಅನ್ನುವ ದೊಡ್ಡ ಹಸಿರು ಹಲ್ಲಿಯನ್ನು ಸಾಕಲು ನಕ್ಷೆ ಕಳಿಸಿ, ನಾಲ್ಕಡಿ ಉದ್ದದ ಪ್ಲೈವುಡ್ ಪೆಟ್ಟಿಗೆ, ಮುಂದೆ ಗಾಜು, ಮೇಲೂ ಗಾಜು, ಹಾಲ್‌ನಲ್ಲಿ ಕಿಟಕಿ ಪಕ್ಕ ಇಡೋದು, ಗಾಜು ಎಷ್ಟು ಎಂಎಂ ಇರಬೇಕು ಅಂತ ಕೇಳಿದ್ದೀರಿ. ಇದೇ ಪೆಟ್ಟಿಗೆಯನ್ನು ಮೈಸೂರಿನ ನಮ್ಮ ಮನೆಯಲ್ಲಿ ನಾನು ಮಾಡಿಸಿದ್ದೆ. ಅಳತೆಯೂ ಹೆಚ್ಚುಕಡಿಮೆ ಅದೇ. ಗಾಜಿನ ದಪ್ಪದ ಮಾತು ಬಿಡಿ, ಗಾಜೇ ಬೇಡ ಅನ್ನುವುದು ನನ್ನ ಉತ್ತರ. ಯಾಕೆ ಅಂತ ಗೊತ್ತಾಗಬೇಕಾದರೆ ನಮ್ಮ ಇಗ್ವಾನಾ ಪಚ್ಚೆಗೆ ಏನಾಯಿತು ಅಂತ ಕೇಳಬೇಕು.

ಪಚ್ಚೆ ಮನೆಗೆ ಬಂದಾಗ ಬಾಲ ಸೇರಿಸಿ ಒಂದು ಗೇಣಿಗಿಂತ ಸ್ವಲ್ಪ ಉದ್ದ ಇದ್ದಳು. ಅಂಥ ಪುಟ್ಟ ಪ್ರಾಣಿಗೆ ನಾಲ್ಕಡಿ ಅರಮನೆ ಅನ್ನಿಸಿತ್ತು. ಪರಿಚಯದ ಬಡಗಿಯಿಂದ ಮರೈನ್ ಪ್ಲೈನಲ್ಲಿ ಚೆಂದದ ಪೆಟ್ಟಿಗೆ ಮಾಡಿಸಿದೆ, ಮುಂದೆ ಜಾರುವ ಗಾಜಿನ ಬಾಗಿಲು ಇಡಿಸಿದೆ. ಮುಚ್ಚಳಕ್ಕೂ ಗಾಜು ಹಾಕಿಸಿ, ಸರೀಸೃಪಗಳಿಗೆ ಅಂತ ಸಿಗುವ, ಬಿಸಿಲಿನಲ್ಲಿರುವ ಕಣ್ಣಿಗೆ ಕಾಣದ ನೇರಳಾತೀತ ಕಿರಣ ಕೊಡುವ ಯುವಿಬಿ ಟ್ಯೂಬನ್ನು ಆ ಗಾಜಿನ ಮೇಲೆ, ಹೊರಗಡೆ ಇಟ್ಟೆ. ಹಾಗೆ ಇಟ್ಟಿದ್ದಕ್ಕೆ ಕಾರಣ ಇತ್ತು. ಮರಿ ಹಾರಿ ಟ್ಯೂಬಿಗೆ ಮೈ ತಾಗಿಸಿ ಸುಟ್ಟುಕೊಂಡೀತು ಅನ್ನುವ ಭಯ. ಗಾಜಿನಿಂದ ಬೆಳಕು ಬರುತ್ತದೆ, ಬಿಸಿಯೂ ಬರುತ್ತದೆ, ಇನ್ನೇನು ಬೇಕು ಅಂದುಕೊಂಡೆ. ಅಮ್ಮ ಎಳೆಬಿಸಿಲು ಬೀಳಲಿ ಅಂತ ಪೆಟ್ಟಿಗೆಯನ್ನು ಪೂರ್ವದ ಕಿಟಕಿಗೆ ತಳ್ಳಿಸಿದರು. ನನ್ನನ್ನು ಮಗುವಾಗಿದ್ದಾಗ ಎಣ್ಣೆ ಹಚ್ಚಿ ಅಲ್ಲೇ ಮಲಗಿಸುತ್ತಿದ್ದರಂತೆ.

ಇಲ್ಲೇ ತಪ್ಪಿದ್ದು. ನಿಮ್ಮ ನಕ್ಷೆಯಲ್ಲೂ ಅದೇ ಇರುವುದರಿಂದ ಸ್ವಲ್ಪ ಉದ್ದವಾಗಿಯೇ ವಿವರಿಸುತ್ತೇನೆ.

ಇಗ್ವಾನಾಗೆ ಬಿಸಿಲಿನಿಂದ ಬೇಕಾದದ್ದು ಬೆಳಕೊಂದೇ ಅಲ್ಲ, ಬಿಸಿಯೊಂದೇ ಅಲ್ಲ. ಸುಮಾರು 290ರಿಂದ 315 ನ್ಯಾನೋಮೀಟರ್ ತರಂಗಾಂತರದ ಯುವಿಬಿ ಕಿರಣ ಅದರ ಚರ್ಮಕ್ಕೆ ನೇರವಾಗಿ ತಾಗಬೇಕು. ತಾಗಿದಾಗ ಚರ್ಮದಲ್ಲಿರುವ ಒಂದು ಬಗೆಯ ಕೊಬ್ಬಿನಂಶ ಡಿ3 ವಿಟಮಿನ್‌ನ ಮೊದಲ ರೂಪಕ್ಕೆ ತಿರುಗುತ್ತದೆ. ಮೈ ಬೆಚ್ಚಗಿದ್ದರೆ ಅದು ಡಿ3 ಆಗುತ್ತದೆ. ಆಮೇಲೆ ಯಕೃತ್ತು, ಮೂತ್ರಪಿಂಡ ದಾಟಿ ಕೆಲಸಕ್ಕೆ ಬರುವ ರೂಪ ಪಡೆಯುತ್ತದೆ. ಆ ಡಿ3 ಇದ್ದರೆ ಮಾತ್ರ ಕರುಳು ಸೊಪ್ಪಿನಲ್ಲಿರುವ ಕ್ಯಾಲ್ಸಿಯಂ ಅನ್ನು ಸರಿಯಾಗಿ ಹೀರಿಕೊಳ್ಳುತ್ತದೆ. ಮಾಮೂಲಿ ಕಿಟಕಿ ಗಾಜು ಈ ಯುವಿಬಿಯನ್ನು ಬಹುತೇಕ ಪೂರ್ತಿ ತಡೆದುಬಿಡುತ್ತದೆ. ಮಾಮೂಲಿ ಅಕ್ರಿಲಿಕ್ ಹಾಳೆಯೂ ನಂಬಲು ಅರ್ಹವಲ್ಲ. ಕಣ್ಣಿಗೆ ಕಾಣುವ ಬೆಳಕು ದಾಟುತ್ತದೆ, ಶಾಖ ದಾಟುತ್ತದೆ, ಅದರಿಂದಲೇ ನಮಗೆ ಮೋಸವಾಗುವುದು. ಪಚ್ಚೆ ದಿನಾ ಆ ಬೆಳಕಿನ ಕೆಳಗೆ ಕಣ್ಣು ಮುಚ್ಚಿ ಮೈ ಚಾಚಿ ಮಲಗುತ್ತಿದ್ದಳು. ನೋಡಿದವರಿಗೆ ಎಲ್ಲವೂ ಸರಿಯಾಗಿದೆ ಅನ್ನಿಸಬೇಕು, ಹಾಗಿತ್ತು. ಅವಳ ಚರ್ಮಕ್ಕೆ ಬೇಕಾದ ಆ ಒಂದು ಕಿರಣ ಮಾತ್ರ ಗಾಜಿನ ಆಚೆಯೇ ನಿಂತುಹೋಗುತ್ತಿತ್ತು. ಕಿಟಕಿಯದ್ದೂ ಅದೇ ಕತೆ, ಅಲ್ಲಿಯೂ ಗಾಜು. ಅದೂ ಅಲ್ಲದೆ ಸೂರ್ಯ ಕೆಳಗಿರುವಾಗ ಬೀಳುವ ಎಳೆಬಿಸಿಲಿನಲ್ಲಿ ಯುವಿಬಿ ತೀರಾ ಕಡಿಮೆ. ಹತ್ತು ಗಂಟೆಯ ಸುಮಾರಿಗೆ ಸೂರ್ಯ ಮೇಲೆ ಬಂದ ಮೇಲೆ ಅದು ಜಾಸ್ತಿಯಾಗುತ್ತದೆ.

ಸೊಪ್ಪಿನ ಮೇಲೆ ಕ್ಯಾಲ್ಸಿಯಂ ಪುಡಿ ತಪ್ಪದೆ ಉದುರಿಸುತ್ತಿದ್ದೆ. ಡಿ3 ಇಲ್ಲದ ಮೈಗೆ ಅದರಲ್ಲಿ ದಕ್ಕುವುದು ಅಷ್ಟಕ್ಕಷ್ಟೆ. ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾದಾಗ ಹೃದಯ, ಸ್ನಾಯು ನಡೆಯಬೇಕಲ್ಲ, ದೇಹ ತನ್ನ ಎಲುಬಿನಿಂದಲೇ ಕಿತ್ತುಕೊಳ್ಳುತ್ತದೆ. ಟೊಳ್ಳಾದ ಎಲುಬಿನ ಸುತ್ತ ನಾರಿನಂಥ ಅಂಗಾಂಶ ತುಂಬಿಕೊಂಡು ತೊಡೆ ದಪ್ಪಗಾಗುತ್ತದೆ. ಪಚ್ಚೆಯ ತೊಡೆ ದಪ್ಪಗಾದಾಗ ಮನೆಯವರೆಲ್ಲ ಖುಷಿಪಟ್ಟೆವು, ಚೆನ್ನಾಗಿ ಮೈ ತುಂಬಿಕೊಳ್ಳುತ್ತಿದ್ದಾಳೆ ಅಂದೆವು. ಆಮೇಲೆ ಕಾಲ್ಬೆರಳು ಅದುರಲು ಶುರುವಾಯಿತು. ಕೊಂಬೆ ಹತ್ತುವುದು ಬಿಟ್ಟಳು. ಒಂದು ದಿನ ಅರ್ಧ ಅಡಿ ಎತ್ತರದ ಹಲಗೆಯಿಂದ ಇಳಿಯುವಾಗ ಬಿದ್ದಳು, ಹಿಂಗಾಲು ಮುರಿಯಿತು.

ಮೈಸೂರಿನಲ್ಲಿ ಮೊದಲು ತೋರಿಸಿದ ಕಡೆ ನೋವಿನ ಔಷಧ ಕೊಟ್ಟು ಕಳಿಸಿದರು. ಬೆಂಗಳೂರಿನಲ್ಲಿ ಸರೀಸೃಪ ನೋಡುವ ವೈದ್ಯರು ಕೆಳದವಡೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿದರು, ಅದು ಬಾಗಿತು. ಎಕ್ಸ್‌ರೇಯಲ್ಲಿ ಎಲುಬು ಸುತ್ತಲಿನ ಮಾಂಸದಷ್ಟೇ ಮಸುಕಾಗಿ ಕಾಣುತ್ತಿತ್ತು. ಅವರು ಮೊದಲು ಕೇಳಿದ್ದು ಊಟದ ವಿಷಯ ಅಲ್ಲ, "ಟ್ಯೂಬ್‌ಗೂ ಪ್ರಾಣಿಗೂ ನಡುವೆ ಏನಿದೆ?" ಅಂತ. ತಿಂಗಳುಗಟ್ಟಲೆ ದ್ರವರೂಪದ ಕ್ಯಾಲ್ಸಿಯಂ, ಹತ್ತಲು ಏನೂ ಇಲ್ಲದ ತಗ್ಗು ಡಬ್ಬಿ, ನೇರ ಬಿಸಿಲು. ಪಚ್ಚೆ ಉಳಿದಳು. ದವಡೆ ಮೊಟಕಾಗಿಯೇ ಉಳಿಯಿತು, ಕಾಲು ಸ್ವಲ್ಪ ಸೊಟ್ಟ ಕೂಡಿಕೊಂಡಿತು. ಈಗ ಹತ್ತುತ್ತಾಳೆ, ಆದರೆ ಇಳಿಯುವಾಗ ತಡವರಿಸುತ್ತಾಳೆ. ಅದನ್ನು ನೋಡುವಾಗ ಈಗಲೂ ನನಗೆ ಸಂಕಟವಾಗುತ್ತದೆ.

ಈಗ ನಿಮ್ಮ ನಕ್ಷೆಗೆ ಬರೋಣ. ಮುಚ್ಚಿದ ಪೆಟ್ಟಿಗೆ ಎಲ್ಲಿಂದ ಬಂತು ಯೋಚನೆ ಮಾಡಿ. ವಿಡಿಯೋಗಳಲ್ಲಿ ಕಾಣುವ ಆ ದೊಡ್ಡ ದೊಡ್ಡ ಗಾಜಿನ ಮನೆಗಳು ಬಹುಪಾಲು ಅಮೆರಿಕದವು, ಯುರೋಪಿನವು. ಅಲ್ಲಿ ಬಹಳ ಕಡೆ ವರ್ಷದಲ್ಲಿ ಎಷ್ಟೋ ತಿಂಗಳು ಹೊರಗೆ ಚಳಿ, ಹಾಗಾಗಿ ಶಾಖವನ್ನೂ ತೇವವನ್ನೂ ಒಳಗೆ ಕೂಡಿಹಾಕಬೇಕು. ಹಸಿರು ಇಗ್ವಾನಾ ಮೆಕ್ಸಿಕೋದಿಂದ ದಕ್ಷಿಣ ಬ್ರೆಜಿಲ್‌ವರೆಗಿನ ಕಾಡುಗಳಲ್ಲಿ, ಹೊಳೆಯಂಚಿನ ಮರಗಳ ತುದಿಯಲ್ಲಿ ಬಿಸಿಲು ಕಾಯುವ ಪ್ರಾಣಿ. ಮೈಸೂರು ಇರುವುದು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಅಂದರೆ ಉಷ್ಣವಲಯದಲ್ಲೇ. ಅವರು ಸಾವಿರಾರು ರೂಪಾಯಿ ಟ್ಯೂಬಿಗೆ ಸುರಿದು ತಯಾರಿಸುವ ಬಿಸಿಲು ನಮ್ಮ ತಾರಸಿ ಮೇಲೆ ದಿನಾ ಬೀಳುತ್ತಿದೆ. ಅದನ್ನು ಬಿಟ್ಟು ನಾವು ಪೆಟ್ಟಿಗೆಯೊಳಗೆ ಕೃತಕ ಬಿಸಿಲು ಮಾಡಲು ಹೊರಡುವುದು ನನ್ನ ಮಟ್ಟಿಗೆ ಅರ್ಥವಿಲ್ಲದ ಕೆಲಸ. ತಾರಸಿಯೋ ಬಾಲ್ಕನಿಯೋ ಇರುವವರು ಜಾಲರಿಯ ಗೂಡು ಕಟ್ಟಬೇಕು, ಅದರೊಳಗೆ ರಾತ್ರಿಗೆ ಮಾತ್ರ ಒಂದು ಪೆಟ್ಟಿಗೆ ಇಡಬೇಕು.

ಅಳತೆ ಕೂಡ ಮರಿಯದ್ದಲ್ಲ, ದೊಡ್ಡದಾದ ಮೇಲಿನದ್ದು ಇರಲಿ. ಇಗ್ವಾನಾ ಮೂರ್ನಾಲ್ಕು ವರ್ಷದಲ್ಲಿ ಬಾಲ ಸೇರಿ ನಾಲ್ಕೈದು ಅಡಿ ಆಗುತ್ತದೆ, ಗಂಡು ಆರಡಿಯನ್ನೂ ಮುಟ್ಟಬಹುದು. ಆರಡಿ ಎತ್ತರ, ಆರಡಿ ಉದ್ದ, ಮೂರಡಿ ಅಗಲಕ್ಕಿಂತ ಕಡಿಮೆ ಜಾಗದಲ್ಲಿ ಬೆಳೆದ ಇಗ್ವಾನಾ ಇಡಬಾರದು. ಮರದ ಮೇಲಿನ ಪ್ರಾಣಿಯಾದ್ದರಿಂದ ಎತ್ತರದಲ್ಲಿ ಜುಗ್ಗತನ ಮಾಡಬೇಡಿ. ನಾಲ್ಕಡಿ ಪೆಟ್ಟಿಗೆಗೆ ಹಾಕಿದ ದುಡ್ಡು ಒಂದೂವರೆ ವರ್ಷದಲ್ಲಿ ಗುಜರಿಗೆ ಹೋಗುತ್ತದೆ.

ನಮ್ಮದು ವೆಲ್ಡಿಂಗ್ ಅಂಗಡಿಯಲ್ಲಿ ಸ್ಕ್ವೇರ್ ಪೈಪಿನ ಚೌಕಟ್ಟು ಮಾಡಿಸಿ, ರೆಡ್ ಆಕ್ಸೈಡ್ ಬಳಿದು, ಅರ್ಧ ಇಂಚಿನ ಕಣ್ಣಿನ ವೆಲ್ಡ್ ಮೆಶ್ ಹಾಕಿಸಿದ್ದು. ಪಿವಿಸಿ ಲೇಪನ ಇರುವ ಮೆಶ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ, ಉಗುರು ಕೀಳುವುದು ಕಡಿಮೆ. ಕಣ್ಣು ಇದಕ್ಕಿಂತ ದೊಡ್ಡದಾದರೆ ಇಲಿ, ಹಾವು ನುಗ್ಗುತ್ತವೆ. ಸೊಳ್ಳೆಪರದೆಯಂಥ ಸಣ್ಣ ಜಾಲರಿ ಹಾಕಿದರೆ ಯುವಿಬಿಯ ದೊಡ್ಡ ಪಾಲು ಅಲ್ಲೇ ನಿಂತುಹೋಗುತ್ತದೆ. ಕತ್ತರಿಸಿದ ತಂತಿಯ ಚೂಪುಗಳೆಲ್ಲ ಹೊರಮುಖವಾಗಿರಲಿ, ಬೆರಳಾಡಿಸಿ ನೋಡಿ. ಕೆಳಗಿನ ಒಂದೂವರೆ ಅಡಿಗೆ ಸುತ್ತ ತಗಡೋ ಫೈಬರ್ ಶೀಟೋ ಹೊಡೆಸಿ. ಇಲ್ಲದಿದ್ದರೆ ಹೊರಗೆ ಹೋಗಲು ಮೂತಿಯನ್ನು ಜಾಲರಿಗೆ ಉಜ್ಜಿ ಉಜ್ಜಿ ಹುಣ್ಣು ಮಾಡಿಕೊಳ್ಳುತ್ತದೆ. ಚಿಲಕಕ್ಕೆ ಬೀಗ ಇರಲೇಬೇಕು. ಮೈಸೂರಿನ ಕೋತಿಗಳಿಗೆ ಬರೀ ಚಿಲಕ ತೆಗೆಯುವುದು ಕಷ್ಟವಲ್ಲ.

ಮಾಡಿನ ಅರ್ಧಕ್ಕೆ ಶೀಟು, ಅದರ ಕೆಳಗೆ ಶೇಡ್ ನೆಟ್. ಉಳಿದರ್ಧ ತೆರೆದ ಜಾಲರಿ. ನೆರಳು ಬಿಸಿಲಿನಷ್ಟೇ ಮುಖ್ಯ. ಮೈ ಕಾಯಿಸುವ ಜಾಗ 35ರಿಂದ 38 ಡಿಗ್ರಿ ಇದ್ದರೆ ಸಾಕು, ಇನ್ನೊಂದು ತುದಿ 27ರ ಆಸುಪಾಸು ಇರಬೇಕು. ಎಲ್ಲಿಗೆ ಯಾವಾಗ ಹೋಗಬೇಕು ಅಂತ ಪ್ರಾಣಿಯೇ ಆರಿಸಿಕೊಳ್ಳುತ್ತದೆ. ಏಪ್ರಿಲ್ ಮಧ್ಯಾಹ್ನ ತಾರಸಿ ಕಾಂಕ್ರೀಟ್ ಕಾಲಿಡಲಾರದಷ್ಟು ಕಾಯುವುದರಿಂದ ತಳಕ್ಕೆ ಬಿಳಿ ಟೈಲ್ಸ್ ಹಾಕಿಸಿ ಇಳಿಜಾರು ಕೊಟ್ಟಿದ್ದೇವೆ, ತೊಳೆದ ನೀರೂ ಹರಿದುಹೋಗುತ್ತದೆ. ಪಕ್ಕಕ್ಕೆ ಗೋಣಿಚೀಲ ನೆನೆಸಿ ಇಳಿಬಿಡುತ್ತೇವೆ, ಬೇಸಿಗೆಯಲ್ಲಿ ಬೇಕಾದ ತೇವ ಅದರಿಂದಲೇ ಸಿಗುತ್ತದೆ. ಮರಳು, ಜಲ್ಲಿ, ತೆಂಗಿನ ನಾರಿನ ಚೂರು ಹಾಕಬೇಡಿ, ಸೊಪ್ಪಿನ ಜೊತೆ ನುಂಗಿ ಕರುಳು ಕಟ್ಟಿಕೊಳ್ಳುತ್ತದೆ. ದೊಡ್ಡ ಟಬ್‌ನಲ್ಲಿ ನೀರಿಡಿ. ಹೆಚ್ಚಿನ ಇಗ್ವಾನಾಗಳು ನೀರಿನಲ್ಲೇ ಕಕ್ಕಸು ಮಾಡುತ್ತವೆ, ಹಾಗಾಗಿ ದಿನಾ ಬದಲಿಸಬೇಕು. ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಆ ಟಬ್ಬನ್ನು ಅಡುಗೆಮನೆ ಸಿಂಕಿಗೆ ತರಬೇಡಿ.

ಕೊಂಬೆಗೆ ಸೀಬೆ ಮರದ್ದು ಚೆನ್ನಾಗಿರುತ್ತದೆ, ಗಟ್ಟಿ, ಸೀಳುವುದಿಲ್ಲ. ಅದರ ಮೈಯಷ್ಟು ದಪ್ಪದ ಕೊಂಬೆ ಓರೆಯಾಗಿ ಕಟ್ಟಿ, ಮೇಲೆ ಒಂದು ಅಗಲ ಹಲಗೆ. ಹೆಣ್ಣಾದರೆ ಒಂದು ಮೂಲೆಯಲ್ಲಿ ಆಳದ ತೊಟ್ಟಿಗೆ ಒದ್ದೆ ಮಣ್ಣು ತುಂಬಿಡಿ. ಗಂಡು ಇಲ್ಲದಿದ್ದರೂ ಮೊಟ್ಟೆ ಕಟ್ಟುತ್ತದೆ, ಇಡಲು ಜಾಗ ಸಿಗದೆ ಮೊಟ್ಟೆ ಒಳಗೇ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ.

ರಾತ್ರಿ ಪೆಟ್ಟಿಗೆಗೆ ಮಾತ್ರ ಪ್ಲೈವುಡ್. ಡಿಸೆಂಬರ್‌ನಲ್ಲಿ ಮೈಸೂರಿನ ರಾತ್ರಿ 16–17 ಡಿಗ್ರಿಗೆ ಇಳಿಯುತ್ತದೆ, ಇಗ್ವಾನಾ ಮಲಗುವ ಜಾಗ 24ಕ್ಕಿಂತ ಕೆಳಗೆ ಹೋಗಬಾರದು. ಬೆಳಕು ಕೊಡದ ಸೆರಾಮಿಕ್ ಹೀಟರ್, ಅದರ ಸುತ್ತ ತಂತಿಯ ಬುಟ್ಟಿ, ಜೊತೆಗೆ ಬಿಸಿ ಹೆಚ್ಚಾದರೆ ಹೀಟರನ್ನು ತಾನೇ ಆರಿಸುವ ಥರ್ಮೋಸ್ಟಾಟ್. ಥರ್ಮೋಸ್ಟಾಟ್ ಇಲ್ಲದೆ ಹೀಟರ್ ಹಾಕುವುದಾದರೆ ಹೀಟರೇ ಬೇಡ. ಬಿಸಿಯಾಗುವ ಕಲ್ಲು ಅಂತ ಮಾರುತ್ತಾರೆ, ಅದನ್ನು ಕೊಳ್ಳಲೇಬೇಡಿ, ಹೊಟ್ಟೆಯಡಿ ಸುಡುವುದು ಇವುಗಳಿಗೆ ಬೇಗ ತಿಳಿಯುವುದಿಲ್ಲ. ವಾರ್ನಿಷ್ ಬಳಿದ ಮೇಲೆ ವಾಸನೆ ಪೂರ್ತಿ ಹೋಗುವವರೆಗೆ ಒಳಗೆ ಬಿಡಬೇಡಿ. ಮಳೆಗಾಲದಲ್ಲಿ ವಾರಗಟ್ಟಲೆ ಮೋಡ ಕವಿದಾಗ ಬೇಕಾಗುತ್ತದೆ ಅಂತ ಇದೇ ಪೆಟ್ಟಿಗೆಯಲ್ಲಿ ಯುವಿಬಿ ಟ್ಯೂಬೂ ಇಟ್ಟಿದ್ದೇವೆ. ಮಲಗುವ ಹಲಗೆಯಿಂದ ಸುಮಾರು ಒಂದಡಿ ಮೇಲೆ, ನಡುವೆ ಗಾಜು, ಪ್ಲಾಸ್ಟಿಕ್ ಏನೂ ಇಲ್ಲ. ಟ್ಯೂಬ್ ಉರಿಯುತ್ತಿದೆ ಅಂದ ಮಾತ್ರಕ್ಕೆ ಯುವಿಬಿ ಬರುತ್ತಿದೆ ಅಂತಲ್ಲ. ವರ್ಷದೊಳಗೆ ಅದರ ಶಕ್ತಿ ಕುಂದುತ್ತದೆ, ಬದಲಿಸಬೇಕು.

"ತಾರಸಿ ಇಲ್ಲ, ಆದರೆ ಗಾಜಿನ ಪೆಟ್ಟಿಗೆಯನ್ನೇ ದಿನಾ ಸ್ವಲ್ಪ ಹೊತ್ತು ಬಿಸಿಲಿಗೆ ಎತ್ತಿಡುತ್ತೇನೆ" ಅಂತ ಯೋಚಿಸಬೇಡಿ. ಬಿಸಿಲಿನಲ್ಲಿ ಕಿಟಕಿ ಏರಿಸಿ ನಿಲ್ಲಿಸಿದ ಕಾರಿನ ಒಳಗೆ ಹೇಗಿರುತ್ತದೋ ಹಾಗಾಗುತ್ತದೆ, ಕೆಲವೇ ನಿಮಿಷದಲ್ಲಿ ಪ್ರಾಣಿ ಸಾಯಬಹುದು.

ಸೊಪ್ಪಿನ ವಿಷಯ ನೀವು ಕೇಳಿಲ್ಲ, ಆದರೂ ಗೂಡಿನ ಸುತ್ತ ಕುಂಡಗಳಲ್ಲಿ ದಾಸವಾಳ, ಪಕ್ಕದಲ್ಲೊಂದು ನುಗ್ಗೆ ಗಿಡ ಹಾಕಿಕೊಳ್ಳಿ. ಔಷಧ ಹೊಡೆಯದ ದಾಸವಾಳದ ಎಲೆ, ಹೂವು, ನುಗ್ಗೆ ಸೊಪ್ಪು, ಹಿಪ್ಪುನೇರಳೆ ಎಲೆ, ತುರಿದ ಸಿಹಿಗುಂಬಳ, ಪಚ್ಚೆಯ ಊಟ ಇಷ್ಟೇ. ಪಾಲಕ್ ದಿನಾ ಹಾಕಬೇಡಿ, ಅದರಲ್ಲಿರುವ ಆಕ್ಸಲೇಟ್ ಅನ್ನುವ ಅಂಶ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ಮೊಟ್ಟೆ, ಕೋಳಿ ಬೇಡವೇ ಬೇಡ, ಇದು ಸೊಪ್ಪು ತಿನ್ನುವ ಪ್ರಾಣಿ.

ಕೊನೆಗೆ ಕಾಗದಪತ್ರ. ಹಸಿರು ಇಗ್ವಾನಾ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ. 2022ರ ತಿದ್ದುಪಡಿಯ ನಂತರ ಅಂಥ ಪ್ರಾಣಿಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಾಲ್ಕನೇ ಪರಿಚ್ಛೇದಕ್ಕೆ ಸೇರಿವೆ, 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಬೇಕು. ಮಾರುವವರು ದಾಖಲೆ ಕೊಡದಿದ್ದರೆ ಕೊಳ್ಳಬೇಡಿ. ತಾರಸಿ ಮೇಲೆ ಇಟ್ಟರೆ ಅಕ್ಕಪಕ್ಕದವರು ಉಡ ಅಂದುಕೊಳ್ಳುತ್ತಾರೆ. ಉಡ ಒಂದನೇ ಪರಿಚ್ಛೇದದ ಪ್ರಾಣಿ, ಸಾಕುವುದು ಅಪರಾಧ. ದಾಖಲೆ ಕೈಯಲ್ಲಿದ್ದರೆ ಅರಣ್ಯ ಇಲಾಖೆಯವರು ಬಂದಾಗ ಮಾತು ಸುಲಭ.

ನೀವು ಬಾಡಿಗೆ ಮನೆಯಲ್ಲಿದ್ದು ನೇರ ಬಿಸಿಲು ಬೀಳುವ ಬಾಲ್ಕನಿಯೂ ಇಲ್ಲ ಅಂದರೆ, ಈಗ ಇಗ್ವಾನಾ ತರಬೇಡಿ. ಬಾಲ್ಕನಿ ಇದ್ದರೆ ಅದು ಯಾವ ದಿಕ್ಕಿಗಿದೆ, ಹತ್ತರಿಂದ ಎರಡರವರೆಗೆ ಬಿಸಿಲು ಎಲ್ಲಿ ಬೀಳುತ್ತದೆ ಅಂತ ನೋಡಿ ತಿಳಿಸಿ, ಅಳತೆ ಸಮೇತ ಚೌಕಟ್ಟಿನ ಚಿತ್ರ ಬರೆದು ಕೊಡುತ್ತೇನೆ.