ಒಂದೇ ಸ್ಪೋರ್ಟ್ಸ್ ಕಾರಿಗೆ ಎರಡು ಬೇರೆ 0–100 ಸಮಯ ಯಾಕೆ?

ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ವೇಗ ಮುಟ್ಟಲು ಬೇಕಾದ ಈ ಸಮಯ ಅಳೆಯುವಾಗ ಗಡಿಯಾರ ಶುರುವಾಗುವ ಜಾಗ ಬೇರೆ, ಅದಕ್ಕೇ. ಅಮೆರಿಕದ ಡ್ರ್ಯಾಗ್ ಟ್ರ್ಯಾಕ್‌ಗಳಲ್ಲಿ (ನೇರ ಓಟದ ಪಂದ್ಯದ ಟ್ರ್ಯಾಕ್) ಬೆಳಕಿನ ಕಿರಣಕ್ಕೆ ಅಡ್ಡ ನಿಂತ ಮುಂದಿನ ಚಕ್ರ ಸುಮಾರು 30 ಸೆಂ.ಮೀ. ಉರುಳಿ ಕಿರಣ ಬಿಟ್ಟಾಗಲೇ ಎಣಿಕೆ ಆರಂಭ. ಇದೇ ರೋಲ್‌ಔಟ್. ಅಷ್ಟರಲ್ಲಿ ಜೋರಾದ ಕಾರು ಗಂಟೆಗೆ 6–8 ಕಿ.ಮೀ. ವೇಗದಲ್ಲಿರುತ್ತದೆ; ಲೆಕ್ಕಕ್ಕೆ ಸಿಗದೆ ಹೋಗುವುದು ಕಾಲು ಸೆಕೆಂಡಿನ ಆಸುಪಾಸು. ಟೆಸ್ಲಾ ಮಾಡೆಲ್ ಎಸ್ ಪ್ಲ್ಯಾಡ್‌ನ ಹೆಸರುವಾಸಿ 1.99 ಸೆಕೆಂಡ್ ಕೂಡ ರೋಲ್‌ಔಟ್ ಕಳೆದದ್ದೇ. ಮೇಲಾಗಿ ಅದು 60 ಮೈಲಿ, ಅಂದರೆ 96.6 ಕಿ.ಮೀ. ವೇಗದವರೆಗೆ ಮಾತ್ರ.

ಇಬ್ಬರ ಕಾರು ಹೋಲಿಸುವುದಾದರೆ ಜಿಪಿಎಸ್ ಮೀಟರ್‌ನಲ್ಲಿ ರೋಲ್‌ಔಟ್ ಆಯ್ಕೆಯನ್ನು ಎರಡಕ್ಕೂ ಒಂದೇ ರೀತಿ ಇಡಿ. ಟ್ರ್ಯಾಕ್‌ನ ಎರಡೂ ದಿಕ್ಕಿಗೆ ಓಡಿಸಿ ಸರಾಸರಿ ತೆಗೆಯಿರಿ, ಕಣ್ಣಿಗೆ ಕಾಣದ ಇಳಿಜಾರೂ ಸಮಯ ಇಳಿಸುತ್ತದೆ. ಸ್ಪೀಡೋಮೀಟರ್ ನೋಡಿ ಸಮಯ ಹಿಡಿಯಬೇಡಿ. ಅದು ಸಾಮಾನ್ಯವಾಗಿ ನಿಜಕ್ಕಿಂತ ತುಸು ಹೆಚ್ಚೇ ತೋರಿಸುತ್ತದೆ.