ಬೆಡ್‌ಪ್ಯಾನ್ ಎತ್ತೋಕೆ ಇಷ್ಟು ಓದಬೇಕಿತ್ತಾ? ಸಿಸ್ಟರ್‌ಗೆ ಬಂದ ನಾಲ್ಕು ಕಾಗದ

ಪಿಯುಸಿ ರಿಸಲ್ಟ್ ಬಂತು ಅಂದರೆ ಈ ಅಂಕಣಕ್ಕೆ ಬರುವ ಕಾಗದಗಳೇ ಬೇರೆಯಾಗುತ್ತವೆ. ಬಿಪಿ, ಶುಗರ್, ಮಂಡಿನೋವು ಕಡಿಮೆಯಾಗಿ ಮಕ್ಕಳ ಓದಿನ ಚಿಂತೆ ಜಾಸ್ತಿಯಾಗುತ್ತದೆ. ಮಲೆನಾಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ 36 ವರ್ಷ ನರ್ಸ್ ಆಗಿದ್ದು ನಿವೃತ್ತಳಾದವಳು ನಾನು. ಈ ಸಲ ಆರಿಸಿಕೊಂಡ ನಾಲ್ಕೂ ಕಾಗದಗಳು ಆಸ್ಪತ್ರೆ ಕೆಲಸಕ್ಕೆ ಬರಲೋ ಬೇಡವೋ ಎಂದು ಕೇಳುತ್ತವೆ.

ಪ್ರಶ್ನೆ: ನಾನು ಪಿಯುಸಿಯಲ್ಲಿ ಪಿಸಿಬಿ (ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ) ಓದಿದ್ದೇನೆ. ನೀಟ್ ಎರಡು ಸಲ ಬರೆದೆ, ಸೀಟು ಸಿಗಲಿಲ್ಲ. ಬಿ.ಎಸ್ಸಿ ನರ್ಸಿಂಗ್ ಸೇರುತ್ತೇನೆ ಅಂದರೆ ಅಪ್ಪ, "ಕಂಡವರ ಬೆಡ್‌ಪ್ಯಾನ್ ಎತ್ತೋಕೆ ಇಷ್ಟು ಓದಬೇಕಿತ್ತಾ?" ಅಂತಾರೆ. ಅವರಿಗೆ ಏನು ಹೇಳಲಿ ಮೇಡಂ?
— ವಿದ್ಯಾರ್ಥಿನಿ, ಹಿರೇಕೆರೂರು

ಉತ್ತರ: ಮಗಳೇ, ಅಪ್ಪ ಹೇಳಿದ್ದು ಸುಳ್ಳಲ್ಲ. ಬೆಡ್‌ಪ್ಯಾನ್ ಎತ್ತಬೇಕು. ನಾನೂ ಎತ್ತಿದ್ದೇನೆ. ಆದರೆ ಆ ಬೆಡ್‌ಪ್ಯಾನ್ ಕಥೆಯನ್ನೇ ಅಪ್ಪನಿಗೆ ಪೂರ್ತಿ ಹೇಳು.

ಒಂದು ರಾತ್ರಿ ಹೆರಿಗೆ ವಾರ್ಡಿನಲ್ಲಿ ಡ್ಯೂಟಿ. ಚೊಚ್ಚಲ ಬಾಣಂತಿ. ಹೆರಿಗೆಯಾಗಿ ಎರಡು ಗಂಟೆ ಆಗಿತ್ತು, ಮಗು ಚೆನ್ನಾಗಿತ್ತು. ಆ ಹುಡುಗಿ ಮೂರು ಸಲ "ಸಿಸ್ಟರ್, ನೀರು" ಅಂದಳು. ಮತ್ತೆ ಮತ್ತೆ ಆಕಳಿಸುತ್ತಿದ್ದಳು. ನಿದ್ದೆಗೆಟ್ಟಿದ್ದಾಳೆ ಅಂತ ಅವಳ ಅಮ್ಮ ಅಂದುಕೊಂಡಿದ್ದರು. ನಾಡಿ ಹಿಡಿದೆ, 124. ಬಿಪಿ ಇನ್ನೂ ಅಷ್ಟೇನೂ ಇಳಿದಿರಲಿಲ್ಲ. ರಕ್ತ ಹೋಗುವಾಗ ಮೊದಲು ಓಡುವುದು ನಾಡಿ, ಬಿಪಿ ಆಮೇಲೆ ಬೀಳುತ್ತದೆ. ಹೊದಿಕೆ ತೆಗೆದು ಸೊಂಟದ ಕೆಳಗೆ ಕೈ ಹಾಕಿದರೆ ಹಾಸಿಗೆ ಒದ್ದೆ.

ಹೆರಿಗೆಯಾದ ಮೇಲೆ ಗರ್ಭಕೋಶ ಹೊಕ್ಕಳ ಹತ್ತಿರ ತೆಂಗಿನಕಾಯಿ ಥರ ಗಟ್ಟಿಯಾಗಿ ಸಿಗಬೇಕು. ಇವಳದ್ದು ನಾದಿದ ಹಿಟ್ಟಿನ ಥರ ಮೆತ್ತಗಿತ್ತು, ಮೇಲಕ್ಕೆ ಹೋಗಿ ಒಂದು ಪಕ್ಕಕ್ಕೆ ಸರಿದಿತ್ತು. ಮೂತ್ರಕೋಶ ತುಂಬಿ ಒತ್ತುತ್ತಿದ್ದರೆ ಗರ್ಭಕೋಶ ಮುದುಡುವುದಿಲ್ಲ, ಮುದುಡದಿದ್ದರೆ ರಕ್ತ ನಿಲ್ಲುವುದಿಲ್ಲ. ಆಯಾಗೆ ಡಾಕ್ಟರನ್ನು ಕರೆಯಲು ಹೇಳಿ ಬೆಡ್‌ಪ್ಯಾನ್ ಇಟ್ಟೆ. ಮೂತ್ರ ಬರಲಿಲ್ಲ. ಟ್ಯೂಬ್ ಹಾಕಿದೆ. ಸುಮಾರು 700 ಮಿ.ಲೀ. ಬಂತು. ಹೊಟ್ಟೆ ಮೇಲೆ ಕೈಯಿಟ್ಟು ಉಜ್ಜುತ್ತಲೇ ಇದ್ದೆ. ಅಷ್ಟರಲ್ಲಿ ಡಾಕ್ಟರ್ ಓಡಿ ಬಂದರು, ಡ್ರಿಪ್‌ಗೆ ಗರ್ಭಕೋಶ ಮುದುಡಿಸುವ ಔಷಧಿ ಆಕ್ಸಿಟೋಸಿನ್ ಸೇರಿತು. ನನ್ನ ಅಂಗೈ ಕೆಳಗೆ ಆ ಮೆತ್ತಗಿನದು ನಿಧಾನವಾಗಿ ಗಟ್ಟಿಯಾಗಿದ್ದು ಈಗಲೂ ಕೈಗೆ ನೆನಪಿದೆ. ಬೆಳಗ್ಗೆ ಅವಳು ಗಂಜಿ ಕುಡಿದಳು.

ಮೂತ್ರ ಎಷ್ಟು ಹೋಯಿತು, ಯಾವ ಬಣ್ಣ, ಎಷ್ಟು ಹೊತ್ತಿನಿಂದ ಹೋಗಿಲ್ಲ ಅನ್ನುವುದನ್ನು ನೋಡಿ ಬರೆದಿಡುವವಳು ನರ್ಸ್. ದೊಡ್ಡವರಿಗೆ ಗಂಟೆಗೆ 30 ಮಿ.ಲೀ.ಗಿಂತ ಕಡಿಮೆಯಾದರೆ ಡಾಕ್ಟರಿಗೆ ಹೇಳಬೇಕು ಅಂತ ನಮಗೆ ಕಲಿಸುತ್ತಾರೆ. ಅಪ್ಪ ಹೇಳುವ ಬೆಡ್‌ಪ್ಯಾನ್‌ನಲ್ಲಿ ಇಷ್ಟು ಓದು ಇದೆ.

ಇನ್ನು ನಿನ್ನ ದಾರಿ. ಬಿ.ಎಸ್ಸಿ ನರ್ಸಿಂಗ್ 4 ವರ್ಷ. ನಮ್ಮ ರಾಜ್ಯದಲ್ಲಿ ಸರ್ಕಾರಿ ಕೋಟಾದ ಸೀಟು ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆ.ಇ.ಎ.) ನಡೆಸುವ ಸಿಇಟಿ ಮೂಲಕ. ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡ. ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಈ ವರ್ಷಕ್ಕೂ ಇದೆಯಾ, ಮಕ್ಕಳನ್ನು ಯಾವ ಆಸ್ಪತ್ರೆಗೆ ಡ್ಯೂಟಿಗೆ ಕಳಿಸುತ್ತಾರೆ, ಅಲ್ಲಿ ರೋಗಿಗಳು ನಿಜವಾಗಿ ಇದ್ದಾರಾ ಎಂದು ಕೇಳು. ಎರಡನೇ ವರ್ಷದ ಹುಡುಗಿಯರನ್ನು ಹಾಸ್ಟೆಲ್ ಹೊರಗೆ ಮಾತಾಡಿಸಿದರೆ ಎಲ್ಲ ತಿಳಿಯುತ್ತದೆ. ಏಜೆಂಟರ ಕೈಗೆ ದುಡ್ಡು ಕೊಡಲೇಬೇಡ.

ಓದು ಮುಗಿಸಿ ಕೆಲಸಕ್ಕೆ ಸೇರುವಾಗಲೂ ಎಚ್ಚರ ಇರಲಿ. 1986ರಲ್ಲಿ ಜನರಲ್ ನರ್ಸಿಂಗ್ ಮುಗಿಸಿ ನಾನು ಮೊದಲು ಸೇರಿದ್ದು ಒಂದು ಖಾಸಗಿ ನರ್ಸಿಂಗ್ ಹೋಮ್. "ಸೇಫಾಗಿ ಇರುತ್ತೆ" ಅಂತ ನನ್ನ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಸಿದುಕೊಂಡರು. ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಲು ವಾಪಸ್ ಕೇಳಿದರೆ ಕೊಡಲಿಲ್ಲ. ಅಣ್ಣ ನಾಲ್ಕು ಸಲ ಬಸ್ ಹತ್ತಿ ಹೋಗಿ ಬಿಡಿಸಿಕೊಂಡು ಬಂದ. ಅಷ್ಟರಲ್ಲಿ ಒಂದು ಅವಕಾಶ ಕೈತಪ್ಪಿತ್ತು. ಒರಿಜಿನಲ್ ತೋರಿಸು, ಜೆರಾಕ್ಸ್ ಕೊಡು, ಒರಿಜಿನಲ್ ಮನೆಗೆ ತಾ.

ಅಪ್ಪ ಒಪ್ಪದಿದ್ದರೆ ಅವರನ್ನು ಒಂದು ದಿನ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗು. ಬೆಳಗ್ಗೆ 8ಕ್ಕೆ ಡ್ಯೂಟಿ ಬದಲಾಗುವ ಹೊತ್ತಿಗೆ ವಾರ್ಡಿನ ಹೊರಗಿನ ಬೆಂಚಲ್ಲಿ ಸುಮ್ನೆ ಕೂತಿರಿ. ರಾತ್ರಿಯವಳು ಬೆಳಗಿನವಳಿಗೆ ಒಂದೊಂದು ಹಾಸಿಗೆ ಪಕ್ಕ ನಿಂತು ಏನೇನು ಹೇಳುತ್ತಾಳೆ ಅಂತ ಅವರೇ ಕೇಳಲಿ.

ಪ್ರಶ್ನೆ: ನಾನು ಪಿಯುಸಿ ಆರ್ಟ್ಸ್ ಹುಡುಗ. ನರ್ಸಿಂಗ್ ಹುಡುಗರಿಗೆ ಆಗುತ್ತಾ? ಸ್ನೇಹಿತರು ನಗುತ್ತಾರೆ.
— ಓದುಗ, ಅಥಣಿ

ಉತ್ತರ: ಆಗುತ್ತೆ ತಮ್ಮಾ. ಜಿ.ಎನ್.ಎಂ. ಅಂದರೆ ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ, ಮೂರು ವರ್ಷದ ಡಿಪ್ಲೊಮಾ. ಪಿಯುಸಿಯಲ್ಲಿ ಆರ್ಟ್ಸ್ ಓದಿದವರೂ ಸೇರಬಹುದು, ಇಂಗ್ಲಿಷ್ ಪಾಸಾಗಿರಬೇಕು. ನಮ್ಮ ವಾರ್ಡುಗಳಲ್ಲಿ ನಿಮ್ಮನ್ನು "ಬ್ರದರ್" ಅಂತ ಕರೆಯುತ್ತಾರೆ. ಗಂಡಸರ ವಾರ್ಡಿನಲ್ಲಿ ಸೊಂಟ ಮುರಿದ ಅಜ್ಜನಿಗೆ ಮೈ ಒರೆಸುವಾಗ, ಅಜ್ಜ ನಾಚಿಕೆಯಿಂದ ಮುಖ ತಿರುಗಿಸದೆ ಮಾತಾಡುವುದು ಬ್ರದರ್ ಇದ್ದಾಗಲೇ. 108 ಆಂಬುಲೆನ್ಸ್ ನಮ್ಮ ರಾಜ್ಯದಲ್ಲಿ 2008ರಲ್ಲಿ ಶುರುವಾಯಿತು. ಅದರ ಹಿಂಬದಿಯಲ್ಲಿ ಕೂತು ರೋಗಿಯನ್ನು ನೋಡಿಕೊಳ್ಳುವವರಲ್ಲೂ ನರ್ಸಿಂಗ್ ಓದಿದ ಹುಡುಗರಿದ್ದಾರೆ. ನಗುವವರ ಮನೆಯಲ್ಲಿ ಯಾರಿಗಾದರೂ ಕಾಯಿಲೆ ಬಂದಾಗ ಮೊದಲು ಫೋನ್ ಬರುವುದು ನಿನಗೇ. ಆಗ ಹೋಗಿ ನೋಡು, ನಕ್ಕಿದ್ದನ್ನು ನೆನಪಿಸಬೇಡ.

ಪ್ರಶ್ನೆ: ಮಗಳು ಎಸ್ಸೆಸ್ಸೆಲ್ಸಿ ಪಾಸಾಗಿದ್ದಾಳೆ. ರೋಗಿಗಳ ಜೊತೆ ಮಾತಾಡಲು ಸಂಕೋಚ, ಆದರೆ ಆಸ್ಪತ್ರೆ ಕೆಲಸ ಇಷ್ಟ. ಲ್ಯಾಬ್ ಟೆಕ್ನಿಷಿಯನ್ ಆದರೆ ಭವಿಷ್ಯ ಇದೆಯಾ? ಅಡಿಕೆ ತೋಟ ಸಣ್ಣದು, ಜಾಸ್ತಿ ಖರ್ಚು ಮಾಡಲಾರೆ.
— ತಂದೆ, ಸೊರಬ ತಾಲ್ಲೂಕು

ಉತ್ತರ: ನಿಮ್ಮ ತಾಲ್ಲೂಕಿನವರೇ ಈ ಪ್ರಶ್ನೆ ಕೇಳಿದ್ದು ನನಗೆ ಖುಷಿ. 1957ರಲ್ಲಿ ನಿಮ್ಮ ಕ್ಯಾಸನೂರಿನ ಕಾಡಲ್ಲಿ ಮಂಗಗಳು ಸತ್ತು ಬಿದ್ದವು, ಜನರಿಗೆ ಜ್ವರ ಬಂತು. ಅದು ಉಣುಗಿನಿಂದ ಹರಡುವ ಹೊಸ ವೈರಸ್ ಅಂತ ಕಂಡುಹಿಡಿದದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು. ಅದೇ ಈಗಿನ ಮಂಗನ ಕಾಯಿಲೆ. ಮಂಗನ ಕಾಯಿಲೆ, ಡೆಂಗಿ, ಇಲಿಜ್ವರ ಮೂರೂ ಮೊದಲ ದಿನಗಳಲ್ಲಿ ಒಂದೇ ಥರ ಕಾಣುತ್ತವೆ. ಜ್ವರ, ತಲೆನೋವು, ಮೈಕೈ ನೋವು. ಯಾವುದು ಅಂತ ಹೇಳುವುದು ರಕ್ತದ ಪರೀಕ್ಷೆ.

ನಮ್ಮ ಆಸ್ಪತ್ರೆಯಲ್ಲಿ ಒಬ್ಬ ಲ್ಯಾಬ್ ಹುಡುಗಿ ಇದ್ದಳು, ಮಾತು ಬಹಳ ಕಡಿಮೆ. ಒಮ್ಮೆ ನಾನೇ ಕಳಿಸಿದ ರಕ್ತವನ್ನು ಅವಳು ವಾಪಸ್ ಕಳಿಸಿದಳು. ಕೋಪ ಬಂದು ಲ್ಯಾಬಿಗೆ ಹೋದೆ. ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದಳು. ಮೇಲೆ ನಿಂತ ನೀರು ತಿಳಿ ಹಳದಿ ಇರಬೇಕಿತ್ತು, ಕೆಂಪಗಿತ್ತು. ತೆಗೆಯುವಾಗಲೋ ತರುವಾಗಲೋ ರಕ್ತಕಣ ಒಡೆದಿದ್ದವು. ಹಾಗೆಯೇ ಮೆಷಿನ್‌ಗೆ ಹಾಕಿದ್ದರೆ ಪೊಟ್ಯಾಶಿಯಂ ಸುಳ್ಳೇ ಜಾಸ್ತಿ ಬರುತ್ತಿತ್ತು, ರೋಗಿಗೆ ಬೇಡದ ಚಿಕಿತ್ಸೆ ಶುರುವಾಗುತ್ತಿತ್ತು. "ಇನ್ನೊಂದು ಸಲ ತೆಗೀರಿ ಸಿಸ್ಟರ್" ಅಂದಳು, ಅಷ್ಟೇ. ನಿಮ್ಮ ಮಗಳ ಸಂಕೋಚಕ್ಕೆ ಈ ಕೆಲಸದಲ್ಲಿ ಜಾಗ ಇದೆ.

ಅವಸರ ಮಾಡಬೇಡಿ. ಮೊದಲು ಪಿಯುಸಿಯಲ್ಲಿ ಪಿಸಿಬಿ ಓದಿಸಿ, ಸರ್ಕಾರಿ ಕಾಲೇಜಾದರೆ ಖರ್ಚು ಕಡಿಮೆ. ಆಮೇಲೆ ಪ್ಯಾರಾಮೆಡಿಕಲ್ ಡಿಪ್ಲೊಮಾಕ್ಕೂ ಹೋಗಬಹುದು, ಬಿ.ಎಸ್ಸಿ ಡಿಗ್ರಿಗೂ ಹೋಗಬಹುದು. ಸರ್ಕಾರಿ ಮೆಡಿಕಲ್ ಕಾಲೇಜುಗಳಲ್ಲೂ ಈ ಕೋರ್ಸುಗಳಿವೆ, ಶಿವಮೊಗ್ಗದಲ್ಲಿ ಮೊದಲು ವಿಚಾರಿಸಿ. ಲ್ಯಾಬ್ ಅಲ್ಲದೆ ಎಕ್ಸ್‌ರೇ, ಆಪರೇಷನ್ ಥಿಯೇಟರ್, ಡಯಾಲಿಸಿಸ್ ಕೂಡ ಇವೆ. ಡಯಾಲಿಸಿಸ್ ಈಗ ತಾಲ್ಲೂಕು ಆಸ್ಪತ್ರೆಗಳಿಗೂ ಬಂದಿದೆ. ಒಬ್ಬ ರೋಗಿಗೆ ಒಂದು ಸಲಕ್ಕೆ ಸುಮಾರು ನಾಲ್ಕು ಗಂಟೆ, ವಾರಕ್ಕೆ ಎರಡು ಮೂರು ಸಲ. ಬರುವವರು ಅದೇ ಮುಖಗಳು. ಮಗಳಿಗೆ ಸಂಕೋಚ ಬಿಟ್ಟುಹೋಗುವ ಜಾಗ ಬೇಕಿದ್ದರೆ ಅದೂ ಒಳ್ಳೆಯದೇ.

ಪ್ರಶ್ನೆ: ನಾನು ಜಿ.ಎನ್.ಎಂ. ಎರಡನೇ ವರ್ಷ. ಹೋದ ವಾರ ನನ್ನ ಕಣ್ಣೆದುರೇ ಒಬ್ಬ ತಾತ ತೀರಿಕೊಂಡರು. ಬೆಳಗ್ಗೆ ನಾನೇ ಅವರಿಗೆ ಇಡ್ಲಿ ತಿನ್ನಿಸಿದ್ದೆ. ಮೂರು ದಿನದಿಂದ ಊಟ ಸೇರುತ್ತಿಲ್ಲ. ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲ ಅನಿಸುತ್ತೆ. ಬಿಟ್ಟುಬಿಡಲಾ ಸಿಸ್ಟರ್?
— ಹೆಸರು ಬೇಡ, ದಾವಣಗೆರೆ

ಉತ್ತರ: ಬಿಡಬೇಡ ಕಂದಾ. ಈಗಲೇ ತೀರ್ಮಾನ ಮಾಡಬೇಡ.

ನನ್ನ ಮೊದಲ ಸಾವು ಮೆಡಿಕಲ್ ವಾರ್ಡಿನಲ್ಲಿ. ಆಗ ನನಗೆ 19. ಪರದೆ ಎಳೆದು ಸೀನಿಯರ್ ಸಿಸ್ಟರ್ ನನ್ನನ್ನೂ ಒಳಗೆ ಕರೆದರು. ಕಣ್ಣು ಮುಚ್ಚಿಸಿದರು. ಗಲ್ಲಕ್ಕೆ ಬಟ್ಟೆ ಕಟ್ಟಿದರು. ಬಿಸಿನೀರಲ್ಲಿ ಬಟ್ಟೆ ಅದ್ದಿ ಹಿಂಡಿ ಮುಖ ಒರೆಸುತ್ತಾ, "ಅಜ್ಜ, ಈಗ ಕೈ ಎತ್ತುತ್ತೀನಿ," "ಅಜ್ಜ, ಸ್ವಲ್ಪ ಈ ಕಡೆ ತಿರುಗಿಸ್ತೀನಿ" ಅಂತ ಮೆಲ್ಲಗೆ ಹೇಳುತ್ತಲೇ ಇದ್ದರು. ನಾನು ಬೆಪ್ಪಾಗಿ ನೋಡಿದೆ. "ಬೆಳಗ್ಗೆ ಹೇಳಿ ಎತ್ತಿದ್ದೆ ಅಲ್ವಾ, ಈಗ ಯಾಕೆ ಹೇಳದೆ ಎತ್ತಬೇಕು?" ಅಂದರು. ಕೊನೆಗೆ ತಲೆ ಬಾಚಿದರು. ಅಜ್ಜನ ಮಗ ಊರಿಂದ ಬಂದಾಗ ನೋಡಿದ್ದು ಆ ಬಾಚಿದ ತಲೆಯ ಮುಖ. ನಾನು ನಿವೃತ್ತಳಾಗುವವರೆಗೂ ಹಾಗೆ ಮಾತಾಡಿಸದೆ ಯಾರ ಮೈಯನ್ನೂ ಮುಟ್ಟಲಿಲ್ಲ.

ನಿನಗೆ ಊಟ ಸೇರದಿರುವುದು ನೀನು ಆ ತಾತನನ್ನು ಕೇಸ್ ಶೀಟ್ ಅಂತ ನೋಡಲಿಲ್ಲ ಅನ್ನುವುದಕ್ಕೆ. ಅದು ಕೊರತೆ ಅಲ್ಲ. ಆದರೆ ಒಳಗೇ ಇಟ್ಟುಕೊಳ್ಳಬೇಡ. ನಿಮ್ಮ ಕ್ಲಿನಿಕಲ್ ಟೀಚರ್ ಹತ್ತಿರ ಹೇಳು. ಅವರು ಬೈದರೆ ವಾರ್ಡ್ ಸಿಸ್ಟರ್ ಹತ್ತಿರ ಹೇಳು. ನಿದ್ದೆ ಊಟ ಎರಡು ವಾರವಾದರೂ ಸರಿಹೋಗದಿದ್ದರೆ ಡಾಕ್ಟರನ್ನು ಕಾಣಲೇಬೇಕು, ಅದರಲ್ಲಿ ನಾಚಿಕೆ ಇಲ್ಲ. ಬೇಕಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು, ಕನ್ನಡದಲ್ಲೇ ಮಾತಾಡುತ್ತಾರೆ.

ಕಾಗದದಲ್ಲಿ ವಿಳಾಸ ಬರೆದಿಲ್ಲ ನೀನು. ಮುಂದಿನ ಸಲ ಪತ್ರಿಕೆಯ ವಿಳಾಸಕ್ಕೆ ಲಕೋಟೆಯಲ್ಲಿ ಬರೆದು ನಿನ್ನ ವಿಳಾಸವನ್ನೂ ಹಾಕು, ಅಚ್ಚು ಮಾಡಿಸುವುದಿಲ್ಲ. ಇವತ್ತು ಬರೀ ಮೊಸರನ್ನ ಆದರೂ ತಿಂದು ಡ್ಯೂಟಿಗೆ ಹೋಗು.