ಅಕ್ಕ ಆರಾಮಾಗಿದ್ದಾರೆ, ಆದ್ರೂ ಲಿಥಿಯಂಗೆ ರಕ್ತ ಪರೀಕ್ಷೆ ಯಾಕೆ?

ನೀವು ಕೇಳಿದ್ದು ಇಷ್ಟು: ಬೈಪೋಲಾರ್ (ಮನಸ್ಸು ವಿಪರೀತ ಏರಿಳಿಯುವ ಕಾಯಿಲೆ) ಇರುವ ಅಕ್ಕ ಎರಡು ವರ್ಷದಿಂದ ಅದನ್ನು ಹತೋಟಿಯಲ್ಲಿಡುವ ಲಿಥಿಯಂ ಮಾತ್ರೆ ತಗೊಳ್ಳುತ್ತಿದ್ದಾರೆ, ಚೆನ್ನಾಗಿದ್ದಾರೆ. ಆದರೂ ಡಾಕ್ಟ್ರು ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಿ ಅಂತಾರೆ, ಒಂದು ದಿನದ ಕೂಲಿ ಹೋಗುತ್ತದೆ. ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಲ್ಲೇ ಮಾತ್ರೆ ತಗೊಂಡರೆ ಸಾಲದಾ?

ಸಾಲದು. ನಾನು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ನರ್ಸ್. ಮಂಗಳವಾರದ ಮನೋಚೈತನ್ಯ ಕ್ಲಿನಿಕ್ಕಿಗೆ ತಾಲೂಕು ಆಸ್ಪತ್ರೆಗೆ ಹೋಗುತ್ತೇನೆ. ಅಲ್ಲಿ ನೋಡಿದ್ದನ್ನು ಹೇಳುತ್ತೇನೆ.

ಒಂದು ಏಪ್ರಿಲ್‌ನಲ್ಲಿ ಐವತ್ತು ದಾಟಿದ ಒಬ್ಬರು ಬಂದರು. ತೂರಾಡುತ್ತಿದ್ದರು, ಮಾತು ತೊದಲುತ್ತಿತ್ತು. ಹೆಂಡತಿ ಮುಖ ಊದಿಸಿಕೊಂಡು, ‘ಮತ್ತೆ ಕುಡಿಯೋಕೆ ಶುರು ಮಾಡಿದಾರೆ ಸಿಸ್ಟರ್’ ಅಂದರು. ನಾನೂ ಹಾಗೇ ಅಂದುಕೊಂಡೆ. ನೀರಿನ ಲೋಟ ಕೊಟ್ಟೆ. ಕೈ ನಡುಗಿ ಅರ್ಧ ನೀರು ಅಂಗಿ ಮೇಲೆ ಚೆಲ್ಲಿತು. ಒರೆಸಲು ಹತ್ತಿರ ಬಗ್ಗಿದಾಗ ಗೊತ್ತಾಯಿತು, ಹೆಂಡದ ವಾಸನೆಯೇ ಇಲ್ಲ. ಅಂಗಿ ಜೇಬಲ್ಲಿ ಡೈಕ್ಲೋಫೆನಾಕ್ ಸ್ಟ್ರಿಪ್. ಮಂಡಿನೋವಿಗೆ ಹತ್ತು ದಿನದಿಂದ ನುಂಗುತ್ತಿದ್ದರಂತೆ. ಜಿಲ್ಲಾಸ್ಪತ್ರೆಗೆ ಕಳಿಸಿದೆವು. ಅವರೂ ಲಿಥಿಯಂ ತಗೊಳ್ಳುವವರೇ, ರಕ್ತದಲ್ಲಿ ಅದು 1.9ಕ್ಕೆ ಏರಿತ್ತು.

ಅವರು ಒಂದು ಮಾತ್ರೆಯನ್ನೂ ಹೆಚ್ಚಿಗೆ ತಗೊಂಡಿರಲಿಲ್ಲ. ಲಿಥಿಯಂ ಹೊರಗೆ ಹೋಗುವುದು ಕಿಡ್ನಿಯಿಂದ. ಬಿಸಿಲಿಗೆ ಬೆವರಿ ನೀರು ಕಮ್ಮಿಯಾದರೆ, ವಾಂತಿಭೇದಿಯಾದರೆ, ಇದ್ದಕ್ಕಿದ್ದಂತೆ ಉಪ್ಪು ಬಿಟ್ಟರೆ ಕಿಡ್ನಿ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೇನ್ ತಗೊಂಡರೂ ಹಾಗೇ. ನೋವಿಗೆ ಪ್ಯಾರಾಸಿಟಮಾಲ್ ಪರವಾಗಿಲ್ಲ. ಸಾಮಾನ್ಯವಾಗಿ ರಕ್ತದಲ್ಲಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಇರಬೇಕು. 1.5 ದಾಟಿದರೆ ಅಪಾಯ. ಇಷ್ಟು ಕಿರಿದಾದ ಗಡಿ ಇರುವ ಮಾತ್ರೆ ನಮ್ಮ ಕ್ಲಿನಿಕ್ಕಲ್ಲಿ ಬೇರೆ ಯಾವುದೂ ಇಲ್ಲ ಅಂತಲೇ ನನ್ನ ಲೆಕ್ಕ. ಜೊತೆಗೆ ಥೈರಾಯ್ಡ್, ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್, ಕ್ಯಾಲ್ಸಿಯಂ ಕೂಡ ಆಗಾಗ ನೋಡಬೇಕು. ವರ್ಷಗಟ್ಟಲೆ ತಗೊಂಡಾಗ ಅವು ಸದ್ದಿಲ್ಲದೆ ಏರುಪೇರಾಗಬಹುದು.

ಪರೀಕ್ಷೆಯ ದಿನ ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ತಿಂಡಿ ತಿಂದು, ಮಾತ್ರೆ ನುಂಗಿ, ಬಸ್ ಹತ್ತಿ ಬರುತ್ತಾರೆ! ಆಗ ಲೆವೆಲ್ ಸುಮ್ನೆ ಜಾಸ್ತಿ ತೋರಿಸುತ್ತದೆ, ಡಾಕ್ಟ್ರು ಡೋಸ್ ಇಳಿಸಿಬಿಡಬಹುದು. ಕೊನೆಯ ಮಾತ್ರೆಯಾಗಿ 12 ಗಂಟೆ ಬಿಟ್ಟು ರಕ್ತ ಕೊಡಬೇಕು. ರಾತ್ರಿ ಒಂಬತ್ತಕ್ಕೆ ತಗೊಂಡರೆ ಬೆಳಿಗ್ಗೆ ಒಂಬತ್ತಕ್ಕೆ. ಬೆಳಗಿನ ಮಾತ್ರೆ ಕಟ್ಟಿಕೊಂಡು ಬನ್ನಿ, ರಕ್ತ ಕೊಟ್ಟ ಮೇಲೆ ನುಂಗಿದರಾಯಿತು.

ಕೂಲಿ ಹೋಗುವ ಕಷ್ಟ ನಿಜ, ಅಲ್ವಾ? ಅದನ್ನು ಡಾಕ್ಟ್ರ ಮುಂದೆ ಬಾಯಿಬಿಟ್ಟು ಹೇಳಿ. ಮೊದಲ ವರ್ಷ ಕಳೆದು ಲೆವೆಲ್ ಒಂದೇ ಸಮ ಇದ್ದರೆ, ವಯಸ್ಸು, ಕಿಡ್ನಿ, ಬೇರೆ ಮಾತ್ರೆಗಳ ತೊಂದರೆ ಇಲ್ಲದಿದ್ದರೆ, ಆರು ತಿಂಗಳಿಗೊಮ್ಮೆ ಮಾಡುವುದೂ ಉಂಟು. ನೀವಾಗೇ ನಿಲ್ಲಿಸಬೇಡಿ. ಲಿಥಿಯಂ ದಿಢೀರ್ ಬಿಟ್ಟವರಿಗೆ ಕಾಯಿಲೆ ಮರುಕಳಿಸಿದ್ದು ಎಷ್ಟೋ ನೋಡಿದ್ದೇನೆ. ಮಾತ್ರೆಗೂ ದುಡ್ಡು ಕೊಡಬೇಕಿಲ್ಲ, ಅಗತ್ಯ ಔಷಧಿ ಪಟ್ಟಿಯಲ್ಲಿರುವುದನ್ನು ಸರ್ಕಾರಿ ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡಬೇಕು ಅಂತ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತದೆ. ನಡುರಾತ್ರಿ ಏನಾದರೂ ಅನುಮಾನ ಬಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಆದರೆ ನಡುಕ, ತೂರಾಟ, ವಾಂತಿ ಕಂಡರೆ ಫೋನ್ ಮಾಡುತ್ತಾ ಕೂರಬೇಡಿ, ಮುಂದಿನ ಮಾತ್ರೆ ಕೊಡದೆ ನೇರ ಆಸ್ಪತ್ರೆಗೆ ಕರೆದೊಯ್ಯಿರಿ.

ಅಂದಹಾಗೆ, ಅಕ್ಕನಿಗೆ ಬಿ.ಪಿ. ಇದೆಯಾ? ಬರೆದಿಲ್ಲ ನೀವು. ಟೆಲ್ಮಿಸಾರ್ಟನ್, ಎನಲಾಪ್ರಿಲ್ ಥರದ ಬಿ.ಪಿ. ಮಾತ್ರೆಯೂ ಲಿಥಿಯಂ ಏರಿಸುತ್ತದೆ. ಮುಂದಿನ ಸಲ ಮನೆಯಲ್ಲಿರುವ ಅವರ ಎಲ್ಲ ಸ್ಟ್ರಿಪ್ಪುಗಳನ್ನೂ ಒಂದು ಕವರಿಗೆ ಹಾಕಿಕೊಂಡು ಬನ್ನಿ.